ಬನಿಯನ್ ಕಾಣಬಾರದೆಂದು

ನನ್ನ ಗಂಡನಿಗೆ ಜೊತೆ ಕೆಲಸಗಾರರು ಇಟ್ಟ ಹೆಸರು ಗೆರೆಯಣ್ಣ. ಮನೆಗಳಿಗೆ ಬಣ್ಣ ಹೊಡೆಯುವುದು ಅವರ ಕಸುಬು. ಗೋಡೆಯ ಬಣ್ಣ ಮುಗಿದು ಸೀಲಿಂಗಿನ ಬಿಳಿ ಶುರುವಾಗುವ ಕಡೆ ಒಂದು ಗೆರೆ ಇರುತ್ತದೆ. ಬೇರೆಯವರು ಅಲ್ಲಿ ಟೇಪು ಅಂಟಿಸಿ ಹೊಡೆಯುತ್ತಾರೆ. ಇವರು ಟೇಪು ಮುಟ್ಟಿದವರಲ್ಲ. ಏಣಿ ಹತ್ತಿ, ಎರಡಿಂಚಿನ ಬ್ರಷ್ಷು ಹಿಡಿದು, ಉಸಿರು ಬಿಗಿಹಿಡಿದು ಬಲಗೈ ಎಳೆದರೆ ತೋಳುದ್ದದ ಗೆರೆ ಬರುತ್ತಿತ್ತು. ಎಲ್ಲೂ ಅಲುಗುತ್ತಿರಲಿಲ್ಲ. ಆಮೇಲೆ ಉಸಿರು ಬಿಟ್ಟು ಏಣಿ ಸರಿಸಿಕೊಳ್ಳುತ್ತಿದ್ದರು.

ಮನೆಯ ಮಾಲೀಕರು ಕತ್ತೆತ್ತಿ ನೋಡಿ, "ಸ್ಕೇಲ್ ಇಟ್ಟು ಹೊಡೆದ್ರೇನ್ರೀ?" ಎಂದು ಕೇಳುತ್ತಿದ್ದರು.

"ಸ್ಕೇಲು ನನ್ ಹೆಂಡ್ತಿ ಹತ್ರ ಇದೆ. ಅದು ಗೋಡೆಗಲ್ಲ, ನನಗೆ," ಎನ್ನುತ್ತಿದ್ದರು.

ನಾನು ಅಲ್ಲೇ ಗೋಡೆ ತಿಕ್ಕುತ್ತಾ ಕೂತಿರುತ್ತಿದ್ದೆ. ಗೋಡೆಗೆ ಮೆತ್ತಿದ ಪುಟ್ಟಿ ಒಣಗಿದ ಮೇಲೆ ಉಪ್ಪುಕಾಗದ ಹಾಕಿ ನುಣುಪು ಮಾಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಹಾಗೆ ಜೊತೆಯಲ್ಲಿ ಕೆಲಸ ಮಾಡಿದೆವು. ಮೈತುಂಬ ಬಿಳಿ ಪುಡಿ ಹತ್ತಿ ಮನೆಗೆ ಬಂದರೆ ಮಗಳು ಚಿಕ್ಕವಳಿದ್ದಾಗ ನಮ್ಮನ್ನು ಮುಟ್ಟುತ್ತಿರಲಿಲ್ಲ. ಈಗ ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

ಅವರು ಹೋಗಿ ಏಳು ತಿಂಗಳಾಯಿತು. ಅವರ ಬಗ್ಗೆ ಹೇಳಲು ಒಳ್ಳೆಯದೇ ಬೇಕಾದಷ್ಟಿದೆ. ಆದರೆ ಹೇಳಲು ಹೊರಟರೆ ನಾನು ಮಾಡಿದ್ದೇ ಮುಂದೆ ಬಂದು ನಿಲ್ಲುತ್ತದೆ. ಅದನ್ನು ಹೇಳದೆ ಬೇರೆಯದು ಹೇಳಲಾರೆ.

ಬಣ್ಣದವರ ಮನೆಯಲ್ಲಿ ಬನಿಯನ್‌ಗೆ ಎರಡು ಜನ್ಮ. ಮೊದಲು ಮೈಮೇಲೆ, ಆಮೇಲೆ ಚಿಂದಿಯಾಗಿ ಡಬ್ಬದ ಪಕ್ಕದಲ್ಲಿ. ಬ್ರಷ್ಷು ಒರೆಸಲು, ನೆಲಕ್ಕೆ ಬಿದ್ದ ಹನಿ ತೆಗೆಯಲು ಹಳೆಯ ಬನಿಯನ್‌ನಷ್ಟು ಒಳ್ಳೆಯ ಬಟ್ಟೆ ಬೇರೆ ಇಲ್ಲ. ಅಂಗಡಿಯ ಚಿಂದಿ ಬಣ್ಣ ಹೀರುವುದಿಲ್ಲ, ನೂಲು ಬಿಡುತ್ತದೆ. ಹಾಗಾಗಿ ಸ್ವಲ್ಪ ಸವೆದ ಬನಿಯನ್ ಕಂಡರೆ ನಾನೇ ಹರಿದು ಚೀಲಕ್ಕೆ ಹಾಕುತ್ತಿದ್ದೆ. ಅವರ ಮೈಗೆ ಎಷ್ಟು ಉಳಿಯಿತು ಎಂದು ಲೆಕ್ಕ ಇಟ್ಟವಳಲ್ಲ.

ಒಮ್ಮೆ ಬೇಸಿಗೆಯಲ್ಲಿ ಒಂದು ಶಾಲೆಯ ಕೆಲಸ ನಡೆಯುತ್ತಿತ್ತು. ಇವರು ಶರ್ಟು ಬಿಚ್ಚಿ ಏಣಿ ಮೇಲಿದ್ದರು. ಬೆನ್ನಿನ ಕಡೆ ಬನಿಯನ್ ಎರಡು ಕಡೆ ಬಾಯಿ ಬಿಟ್ಟಿತ್ತು. ನಮಗೆಲ್ಲ ಕೆಲಸ ಕೊಡುವ ಮೇಸ್ತ್ರಿಯ ಹೆಂಡತಿ ಅವತ್ತು ಗಂಡನಿಗೆ ಊಟ ತಂದಿದ್ದಳು. ಮೇಲೆ ನೋಡಿದಳು, ನನ್ನ ಕಡೆ ತಿರುಗಿದಳು.

"ಏನೇ, ನಿನ್ ಗಂಡನ ಬನಿಯನ್‌ಗೆ ಕಿಟಕಿ ಎಷ್ಟು? ಗಾಳಿ ಚೆನ್ನಾಗಿ ಆಡ್ತಿರ್ಬೇಕು."

ಎಲ್ಲರೂ ನಕ್ಕರು. ಮೇಲಿದ್ದ ಇವರೂ ನಕ್ಕು, "ಅಕ್ಕಾ, ಬಾಗಿಲೂ ಇಡಿಸ್ತಿದ್ದೀನಿ," ಎಂದರು. ನಾನು ನಗಲಿಲ್ಲ. ತಲೆ ತಗ್ಗಿಸಿ ಗೋಡೆ ತಿಕ್ಕಿದೆ. ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಮುಂದಿನ ಚಳಿಗೆ ಕೆಲಸಗಾರರಿಗೂ ಮನೆಯವರಿಗೂ ಶೀತಜ್ವರದ ಲಸಿಕೆ ಹಾಕುತ್ತೇವೆ ಎಂದು ಆರೋಗ್ಯ ಕೇಂದ್ರದವರು ಹೇಳಿ ಕಳಿಸಿದರು. ಅದೇ ಶಾಲೆಯ ದೊಡ್ಡ ಕೋಣೆಯಲ್ಲಿ ಸಾಲು. ಅಲ್ಲಿನ ಸೀಲಿಂಗಿನ ಗೆರೆ ಇವರದೇ. ಸಾಲಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ಅವರ ಹಿಂದೆ ನಾನು, ನನ್ನ ಹಿಂದೆ ಮೇಸ್ತ್ರಿಯ ಹೆಂಡತಿ.

ಆ ದಿನ ಬೆಳಿಗ್ಗೆ ಎರಡು ಬನಿಯನ್ ಒಗೆದು ಹಾಕಿದ್ದೆ, ಒಣಗಿರಲಿಲ್ಲ. ಚೀಲಕ್ಕೆ ಹಾಕಬೇಕಾಗಿದ್ದ ಮೂರನೆಯದನ್ನೇ ಅವರು ಹಾಕಿಕೊಂಡು ಬಂದಿದ್ದರು. ಮೇಲೆ ಉದ್ದ ತೋಳಿನ ಶರ್ಟು. ತೋಳು ಬಿಗಿ, ಮೇಲಕ್ಕೆ ಮಡಿಸಲು ಬರುವುದಿಲ್ಲ.

ಲಸಿಕೆ ಹಾಕುವ ನರ್ಸು ಚಿಕ್ಕ ವಯಸ್ಸಿನವಳು. ಬೆಳಿಗ್ಗೆಯಿಂದ ನಿಂತೇ ಇದ್ದಳು. "ಅಣ್ಣ, ಶರ್ಟ್ ತೆಗೀರಿ," ಎಂದಳು. ಇವರು ಗುಂಡಿಗೆ ಕೈ ಹಾಕಿದರು. ಎರಡು ಗುಂಡಿ ಬಿಚ್ಚಿದ್ದರು. ನಾನು ಹಿಂದಿನಿಂದ ಬಗ್ಗಿ ಅವರ ಕಿವಿಗೆ ಹೇಳಿದೆ.

"ರೀ, ಪೂರ್ತಿ ಬಿಚ್ಬೇಡಿ. ಕಾಲರ್ ಕೆಳಗೆ ಎಳ್ಕೊಳ್ಳಿ, ಸಾಕು."

"ಯಾಕೆ?"

"ಬನಿಯನ್ ನೋಡ್ಕೊಳ್ಳಿ."

ಅವರು ನನ್ನ ಮುಖ ನೋಡಿದರು. ಕಾಲರು ಹಿಡಿದು ಬಲಗಡೆ ಭುಜದ ತನಕ ಎಳೆದುಕೊಂಡರು. ಬಟ್ಟೆ ಬಿಗಿಯಾಗಿ ಮೂರನೆಯ ಗುಂಡಿ ಕಿತ್ತು ನೆಲಕ್ಕೆ ಬಿತ್ತು. ಭುಜದ ಮೇಲ್ತುದಿ ಮಾತ್ರ ಕಾಣುತ್ತಿತ್ತು. ನರ್ಸು ಸಾಲಿನ ಉದ್ದ ನೋಡಿದಳು. "ಸರಿ, ಅಷ್ಟು ಸಾಕು," ಎಂದು ಅಲ್ಲಿಗೇ ಚುಚ್ಚಿದಳು.

ಅವರು ಹಲ್ಲು ಕಚ್ಚಿದ್ದನ್ನು ನಾನು ನೋಡಿದೆ. ಆದರೂ ಕೆಳಗೆ ಕೂತು ಗುಂಡಿ ಹುಡುಕತೊಡಗಿದೆ.

ಅವತ್ತು ಸಂಜೆಯೇ ಕೈ ಎತ್ತಲಾಗುತ್ತಿಲ್ಲ ಎಂದರು. ಅದೇ ನರ್ಸು ನನಗೂ ಚುಚ್ಚಿದ್ದಳು. ನನ್ನ ತೋಳು ಒಂದು ದಿನ ಭಾರವಾಗಿತ್ತು, ಅಷ್ಟೇ. ಹಾಗಾಗಿ ನಾನು ನಂಬಲಿಲ್ಲ. ಎರಡು ದಿನ ಹೋಗಲಿ ಎಂದೆ. ವಾರ ಹೋಯಿತು. ಸೊಂಟದ ತನಕ ಕೈ ಆಡುತ್ತಿತ್ತು, ಅದರ ಮೇಲೆ ಹೋಗುತ್ತಿರಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದು ಎತ್ತಿ ತಲೆ ಬಾಚುತ್ತಿದ್ದರು. ಮಲಗುವಾಗ ಆ ಮಗ್ಗುಲಿಗೆ ತಿರುಗುತ್ತಿರಲಿಲ್ಲ.

"ಒಂದು ಸೂಜಿಗೆ ಇಷ್ಟೊಂದು ನಾಟಕಾನಾ? ಏಣಿ ಹತ್ತೋಕೆ ಬೇಜಾರಾಗಿದ್ರೆ ಹಾಗಂತ ಹೇಳಿ," ಎಂದೆ ಒಂದು ದಿನ.

"ನಾಟಕ ಅಲ್ಲ ಕಣೇ. ನಾಟಕ ಆಗಿದ್ರೆ ಇಷ್ಟು ಹೊತ್ತಿಗೆ ಪರದೆ ಬೀಳ್ತಿತ್ತು," ಎಂದರು. ನಗಿಸಲು ನೋಡಿದರು. ಮುಖದಲ್ಲಿ ನಗು ಇರಲಿಲ್ಲ.

ನಮ್ಮ ಅಡುಗೆ ಮನೆಗೆ ಅವರೇ ಬಣ್ಣ ಹೊಡೆಯುತ್ತಿದ್ದರು. ಮೂರು ಗೋಡೆ ಮುಗಿದಿತ್ತು. ನಾಲ್ಕನೆಯ ಗೋಡೆಯ ಅರ್ಧ ಗೆರೆ ಲಸಿಕೆಗೆ ಮೊದಲೇ ಎಳೆದಿದ್ದರು. ಉಳಿದರ್ಧ ಮುಗಿಸುತ್ತೇನೆ ಎಂದು ಒಂದು ಭಾನುವಾರ ಸ್ಟೂಲ್ ಹತ್ತಿದರು. ನಾನು ಕೆಳಗೆ ನಿಂತಿದ್ದೆ. ಬ್ರಷ್ಷು ಹಿಡಿದ ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ. ಬ್ರಷ್ಷಿನಿಂದ ಬಣ್ಣ ಇಳಿದು ಮೊಣಕೈ ತನಕ ಹರಿಯಿತು. ಅವರು ಅದನ್ನು ಒರೆಸದೆ ಹಾಗೇ ನಿಂತಿದ್ದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅವತ್ತೇ ಮೊದಲು. ಅವತ್ತು ನಂಬಿದೆ.

ಮಗಳು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಭುಜಕ್ಕೆ ಸ್ಕ್ಯಾನ್ ಮಾಡಿದರು. ಮೂಳೆಯ ಡಾಕ್ಟರು ತಮ್ಮ ತೋಳನ್ನೇ ತೋರಿಸಿ ವಿವರ ಹೇಳಿದರು.

"ಸೂಜಿ ಇಲ್ಲಿ ದಪ್ಪ ಮಾಂಸಕ್ಕೆ ಹೋಗ್ಬೇಕು. ನಿಮಗೆ ಮೂರು ಬೆರಳು ಮೇಲೆ ಹೋಗಿದೆ, ಕೀಲಿನ ಹತ್ರ. ಅಲ್ಲಿ ಊತ ಕಟ್ಟಿದೆ. ಲಸಿಕೆಯಲ್ಲಿ ದೋಷ ಇಲ್ಲ, ಹಾಕಿದ ಜಾಗ ತಪ್ಪು. ಹಾಕುವಾಗ ತೋಳು ಪೂರ್ತಿ ತೆರೆದಿದ್ರಾ?"

ಇವರು ನನ್ನ ಕಡೆ ನೋಡದೆ, "ನೆನಪಿಲ್ಲ ಡಾಕ್ಟ್ರೇ," ಎಂದರು.

ಮುಲಾಮು, ವ್ಯಾಯಾಮ, ಮತ್ತೆ ಒಂದು ಇಂಜೆಕ್ಷನ್, ಎಲ್ಲ ಆಯಿತು. ಕೈ ಭುಜದ ಮಟ್ಟಕ್ಕೆ ಬಂತು, ಅಲ್ಲಿಗೇ ನಿಂತಿತು. ಮೇಸ್ತ್ರಿ ಒಳ್ಳೆಯವನು, ಕೆಲಸ ಬಿಡಿಸಲಿಲ್ಲ. ಕೆಳಗೆ ಕೂತು ಬಣ್ಣ ಕಲಸಲು ಹಾಕಿದ. ಬೇರೆಯವರು ಮೇಲೆ ಟೇಪು ಅಂಟಿಸಿ ಗೆರೆ ಹೊಡೆಯುತ್ತಿದ್ದರೆ ಗೆರೆಯಣ್ಣ ಕೆಳಗೆ ಕೋಲು ಹಿಡಿದು ಡಬ್ಬ ತಿರುವುತ್ತಿದ್ದರು. ಕತ್ತೆತ್ತಿ ನೋಡುತ್ತಿರಲಿಲ್ಲ.

ಲಸಿಕೆಯಿಂದ ತೊಂದರೆಯಾದವರಿಗೆ ಸರಕಾರ ಪರಿಹಾರ ಕೊಡುತ್ತದೆ, ಅದಕ್ಕೊಂದು ಕಚೇರಿ ಇದೆ ಎಂದು ಮಗಳೇ ಪತ್ತೆ ಮಾಡಿದಳು. ಅರ್ಜಿ ತುಂಬಿದಳು. ಇವರಿಗೆ ಮನಸ್ಸಿರಲಿಲ್ಲ. "ಕೈ ವಾಪಸ್ ಕೊಡ್ತಾರಾ?" ಎಂದರು. ಅವಳು ಬಿಡಲಿಲ್ಲ.

ಮೂರು ತಿಂಗಳ ಮೇಲೆ ವಿಚಾರಣೆಗೆ ಕರೆ ಬಂತು. ಹಸಿರು ಗೋಡೆಯ ಕಚೇರಿ. ಒಳಗೆ ಕಾಲಿಟ್ಟ ತಕ್ಷಣ ಇವರು ಸೀಲಿಂಗು ನೋಡಿ, "ಕುಡಿದು ಹೊಡೆದಿದ್ದಾನೆ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಬಹಳ ದಿನದ ಮೇಲೆ ಇಬ್ಬರೂ ನಕ್ಕೆವು.

ಆಮೇಲೆ ನಮ್ಮನ್ನು ಬೇರೆ ಬೇರೆ ಕೋಣೆಗೆ ಕರೆದರು. ಹೀಗೆ ಮಾಡುತ್ತಾರೆ ಎಂದು ನಮಗೆ ಗೊತ್ತಿರಲಿಲ್ಲ. ಮಾತಾಡಿಕೊಂಡೂ ಬಂದಿರಲಿಲ್ಲ. ಕಾಲರಿನ ವಿಷಯ ನಮ್ಮಿಬ್ಬರ ನಡುವೆ ಒಂದು ಸಲವೂ ಬಾಯಿಗೆ ಬಂದಿರಲಿಲ್ಲ.

ನನ್ನನ್ನು ಕೇಳಿದವರು ಕನ್ನಡಕ ಹಾಕಿದ ಒಬ್ಬ ಮೇಡಂ. ಮೆತ್ತಗೆ ಮಾತಾಡುವವರು.

"ನೀವು ಸಾಲಿನಲ್ಲಿ ಪಕ್ಕದಲ್ಲೇ ಇದ್ರಾ?"

"ಇದ್ದೆ."

"ಲಸಿಕೆ ಹಾಕುವಾಗ ನಿಮ್ಮ ಯಜಮಾನರು ಶರ್ಟು ತೆಗೆದಿದ್ರಾ?"

ನನಗೆ ಎರಡು ಭಯ. ಬಿಚ್ಚಲಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಬೇಡವೆಂದವಳು ನಾನೇ ಎಂದರೆ, ತಪ್ಪು ನಿಮ್ಮದೇ, ಹೋಗಿ ಎಂದುಬಿಡುತ್ತಾರೆ. ಆದರೆ ಇದು ಆಮೇಲೆ ನಾನು ನನಗೇ ಹೇಳಿಕೊಂಡ ಸಮಜಾಯಿಷಿ. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಬನಿಯನ್ನಿನ ತೂತು.

"ತೆಗೆದಿದ್ರು ಮೇಡಂ. ನೀಟಾಗಿ ಬಿಚ್ಚಿ ಕೂತಿದ್ರು," ಎಂದೆ.

ಅವರು ಬರೆದುಕೊಂಡರು. ಸಹಿ ಹಾಕಿಸಿದರು. ಹಾಕಿದೆ.

ಬಸ್ಸಿನಲ್ಲಿ ಇವರು ಕೇಳಿದರು. "ಶರ್ಟಿನ ವಿಷಯ ಕೇಳಿದ್ರಾ?"

"ಕೇಳಿದ್ರು. ಬಿಚ್ಚಿದ್ರು ಅಂದೆ. ನೀವು?"

"ನಾನು ಕಾಲರ್ ಎಳ್ಕೊಂಡೆ ಅಂದೆ. ಬಿಚ್ಚೋಕೆ ನನಗೇ ಸೋಮಾರಿತನ ಅಂದೆ."

ನನ್ನ ಹೆಸರನ್ನು ಎತ್ತಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಇಳಿಯುವ ಜಾಗ ಬಂದಾಗ, "ಏಳು," ಎಂದರು.

ಕಾಗದ ಬಂತು. ಮಗಳು ಓದಿದಳು. ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ತೋಳು ಪೂರ್ತಿ ತೆರೆದು ಲಸಿಕೆ ಹಾಕಲಾಗಿದೆ ಎಂದಿದೆ. ಹೆಂಡತಿಯೂ ಹಾಗೇ ಹೇಳಿದ್ದಾರೆ. ಅರ್ಜಿದಾರರು ಮಾತ್ರ ಬೇರೆ ಹೇಳಿದ್ದಾರೆ. ಆದ್ದರಿಂದ ಅರ್ಜಿದಾರರ ಹೇಳಿಕೆ ನಂಬಲು ಅರ್ಹವಲ್ಲ. ಅರ್ಜಿ ವಜಾ.

"ನಂಬಲು ಅರ್ಹವಲ್ಲ ಅಂದ್ರೆ?" ಎಂದು ಇವರು ಕೇಳಿದರು. ಅರ್ಥವಾಗದೆ ಕೇಳಿದ್ದಲ್ಲ.

"ಅಪ್ಪ, ಅದು ಸುಮ್ನೆ ಕಚೇರಿ ಭಾಷೆ," ಎಂದಳು ಮಗಳು. ನನ್ನ ಕಡೆ ತಿರುಗಿದಳು. "ಅಮ್ಮ, ನೀನ್ಯಾಕೆ ಹಾಗೆ ಹೇಳ್ದೆ? ಮೇಲ್ಮನವಿ ಹಾಕೋಕೆ ಇನ್ನೂ ಸಮಯ ಇದೆ. ನೀನು ಹೋಗಿ ತಪ್ಪಾಗಿ ಹೇಳಿದ್ದೆ ಅಂದ್ರೆ ಸಾಕು."

ನಾನು ಕಾಗದ ತೆಗೆದುಕೊಂಡು ಮಡಿಸಿದೆ. ಇವರು ಅಂದರು, "ಬಿಡಮ್ಮ. ಅವಳಿಗೆ ಮರೆತಿರುತ್ತೆ. ಜನ ಎಷ್ಟಿದ್ರು ಅವತ್ತು."

ದಿನಾ ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅವರ ಮುಂದೆ ಒಂದು ಸಲ, ರೀ, ನನ್ನಿಂದಾಯಿತು ಎನ್ನಬೇಕಿತ್ತು. ಅದನ್ನೂ ಹೇಳಲಿಲ್ಲ. ಬದಲಿಗೆ ಅಂಗಡಿಗೆ ಹೋಗಿ ಆರು ಹೊಸ ಬನಿಯನ್ ತಂದೆ. ಇವರು ಒಂದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಈಗ ಎಲ್ಲಿ ಬೇಕಾದ್ರೂ ಬಿಚ್ಬಹುದು," ಎಂದರು. ಚುಚ್ಚಿ ಹೇಳಿದ್ದಲ್ಲ, ತಮಾಷೆಗೆ ಹೇಳಿದ್ದು. ಅವರಿಗೆ ಚುಚ್ಚಿ ಮಾತಾಡಿ ಗೊತ್ತೇ ಇಲ್ಲ. ನಾನು ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಅದಾಗಿ ಇಪ್ಪತ್ತು ದಿನಕ್ಕೆ, ಬೆಳಿಗ್ಗೆ ಕೆಲಸದ ಜಾಗದಲ್ಲಿ ಬಣ್ಣ ಕಲಸುತ್ತಾ ಕೂತಿದ್ದವರು ಪಕ್ಕಕ್ಕೆ ವಾಲಿದರು. ಎದೆಬಡಿತ ನಿಂತುಹೋಗಿತ್ತು. ಡಾಕ್ಟರು, ಇದು ಹಳೆಯ ಹೃದಯದ ಕಾಯಿಲೆ, ಭುಜಕ್ಕೂ ಲಸಿಕೆಗೂ ಸಂಬಂಧವಿಲ್ಲ ಎಂದರು. ನಾನು ಅದನ್ನು ನಂಬುತ್ತೇನೆ.

ಅವರನ್ನು ಮನೆಗೆ ತಂದು ಮಲಗಿಸಿ, ಬಣ್ಣ ಚೆಲ್ಲಿದ್ದ ಶರ್ಟನ್ನು ನಾಲ್ಕು ಜನ ಸೇರಿ ಬಿಚ್ಚಿದರು. ಓಣಿಯವರೆಲ್ಲ ಇದ್ದರು. ಮೇಸ್ತ್ರಿಯ ಹೆಂಡತಿಯೂ ಇದ್ದಳು. ಆ ಹೊತ್ತಿನಲ್ಲಿ ನನಗೆ ಮೊದಲು ಬಂದ ಯೋಚನೆ, ಸದ್ಯ, ಬನಿಯನ್ ಹೊಸದು ಎಂದು. ಆಮೇಲೆ ಅಳು ಬಂತು. ಎಲ್ಲರೂ ಗಂಡನಿಗಾಗಿ ಅಳುತ್ತಿದ್ದಾಳೆ ಎಂದುಕೊಂಡರು.

ಮೇಲ್ಮನವಿಗೆ ಹನ್ನೊಂದು ದಿನ ಉಳಿದಿತ್ತು. ಅರ್ಜಿದಾರರು ಇಲ್ಲದಿದ್ದರೆ ಹೆಂಡತಿ ಹಾಕಬಹುದಂತೆ.

"ಬೇಡ ಅಂದ್ರೆ ಬಿಟ್ಬಿಡೋಣ ಅಮ್ಮ. ಅಪ್ಪಾನೇ ಇಲ್ಲ," ಎಂದಳು ಮಗಳು.

"ಆ ಕಾಗದದಲ್ಲಿ ನಿಮ್ಮಪ್ಪ ಸುಳ್ಳುಗಾರ ಅಂತ ಇದೆ. ಅದು ಹೋಗ್ಬೇಕು. ಹಣ ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ," ಎಂದೆ. ಅವತ್ತೇ ಅವಳಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಎದ್ದು ಹೋಗಿ ಅಪ್ಪನ ಹಳೆಯ ಶರ್ಟು ತಂದಳು. ಮೂರನೆಯ ಗುಂಡಿ ಬೇರೆ ಬಣ್ಣದ್ದು. ನಾನೇ ಹೊಲಿದದ್ದು. ಅವತ್ತು ಶಾಲೆಯಲ್ಲಿ ಬಿದ್ದದ್ದು ಸಿಗಲೇ ಇಲ್ಲ.

"ಗುಂಡಿ ಒಂದೇ ಸಾಲ್ದು. ನೋಡಿದವರು ಯಾರಾದ್ರೂ ಬೇಕು," ಎಂದಳು.

ನೋಡಿದವಳು ಒಬ್ಬಳೇ. ನನ್ನ ಹಿಂದೆ ನಿಂತಿದ್ದವಳು.

ಮೇಸ್ತ್ರಿಯ ಮನೆಗೆ ನಾಲ್ಕು ಸಲ ಹೋಗಿ ನಾಲ್ಕು ಸಲ ಬೀದಿಯ ತುದಿಯಿಂದ ವಾಪಸ್ಸು ಬಂದೆ. ಐದನೆಯ ಸಲ ಅವಳೇ ಬಾಗಿಲಲ್ಲಿ ನಿಂತು ಕೂಗಿದಳು. "ಏನೇ, ನಮ್ಮ ಬೀದಿ ಅಳತೆ ಮಾಡ್ತಿದ್ದೀಯಾ? ಒಳಗೆ ಬಾ."

ಕೂತೆ. ನೀರು ಕೊಟ್ಟಳು. ನೆಲ ನೋಡಿಕೊಂಡೇ ಹೇಳಿದೆ. "ಅಕ್ಕ, ಲಸಿಕೆ ದಿನ ನಾನು ಅವರಿಗೆ ಶರ್ಟ್ ಬಿಚ್ಬೇಡಿ ಅಂದೆ. ಬನಿಯನ್ ಹರಿದಿತ್ತು. ನೀವು ಹಿಂದೆ ಇದ್ರಿ. ನೋಡಿ ನಗ್ತೀರಿ ಅಂತ."

"ನಾನು ಯಾಕೆ ನಗ್ಲಿ?"

"ಶಾಲೆ ಕೆಲಸ ನಡೆಯೋವಾಗ ಅಂದಿದ್ರಲ್ಲ. ಬನಿಯನ್‌ಗೆ ಕಿಟಕಿ ಎಷ್ಟು ಅಂತ."

ಅವಳು ಯೋಚಿಸಿದಳು. ನಿಜವಾಗಿ ಯೋಚಿಸಿದಳು. "ನಾನಾ? ಅಂದಿರ್ಬೇಕು. ನನ್ನ ಬಾಯಿ ಹಾಳು ಬಾಯಿ. ನೆನಪಿಲ್ಲ ಕಣೇ."

ಎರಡು ವರ್ಷ ನಾನು ಹೊತ್ತುಕೊಂಡಿದ್ದ ಮಾತು ಅವಳಿಗೆ ನೆನಪೇ ಇರಲಿಲ್ಲ.

"ಅವತ್ತು ಕಾಲರ್ ಎಳೆದಿದ್ದು ನೋಡಿದ್ರಾ ಅಕ್ಕ?"

"ನೋಡ್ದೆ. ಗುಂಡಿ ಹಾರಿ ನನ್ನ ಕಾಲ ಪಕ್ಕಾನೇ ಉರುಳ್ಕೊಂಡು ಹೋಯ್ತಲ್ಲ." ನನ್ನ ಲೋಟಕ್ಕೆ ಮತ್ತೆ ನೀರು ಬಗ್ಗಿಸಿದಳು. "ಬನಿಯನ್ ಹರಿದಿದ್ದೂ ನೋಡ್ದೆ. ಕುತ್ತಿಗೆ ಹತ್ರಾನೇ ಹರಿದಿತ್ತು. ಕಾಲರ್ ಎಳೆದಾಗ್ಲೇ ಕಾಣಿಸ್ತು. ನಮ್ಮ ಮನೆಯೋರದ್ದೂ ಹಾಗೇ ಇದೆ, ಹೊಸದು ತರ್ಬೇಕು ಅಂದ್ಕೊಂಡೆ."

ಅಂದರೆ ಬನಿಯನ್ ಕಂಡಿತ್ತು. ಕಾಣಬಾರದೆಂದು ನಾನು ಎಳೆಸಿದ ಕಾಲರಿನಿಂದಲೇ ಕಂಡಿತ್ತು. ಅವರ ಕೈ ಸುಮ್ಮಸುಮ್ಮನೆ ಹೋಯಿತು.

ಕಚೇರಿಗೆ ಬಂದು ಕಂಡದ್ದನ್ನು ಹೇಳಬೇಕು ಎಂದೆ. ಅವಳು ಬೆನ್ನ ಮೇಲೆ ಕೈ ಇಟ್ಟು, "ಯಾವತ್ತು ಬರ್ಬೇಕು ಹೇಳು," ಎಂದಳು.

ಅದೇ ಹಸಿರು ಕಚೇರಿ, ಅದೇ ಮೇಡಂ. ಈ ಸಲ ಒಂದೇ ಕೋಣೆಯಲ್ಲಿ ಎಲ್ಲರೂ ಇದ್ದರು. ನರ್ಸನ್ನೂ ಕರೆಸಿದ್ದರು. ಅವಳು ಕರ್ಚೀಫು ಹಿಂಡುತ್ತಾ ಮೂಲೆಯಲ್ಲಿ ಕೂತಿದ್ದಳು.

"ಹೋದ ಸಲ ಶರ್ಟು ತೆಗೆದಿದ್ರು ಅಂತ ಹೇಳಿದ್ರಲ್ಲ ಅಮ್ಮ," ಎಂದರು ಮೇಡಂ.

"ಸುಳ್ಳು ಹೇಳ್ದೆ."

"ಯಾಕೆ?"

"ಬನಿಯನ್ ಹರಿದಿತ್ತು. ಕಾಣಬಾರದು ಅಂತ ಕಾಲರ್ ಎಳ್ಕೊಳ್ಳೋಕೆ ಹೇಳಿದವಳು ನಾನೇ. ಅವರು ಸೋಮಾರಿತನ ಅಂದಿದ್ದು ನನ್ನನ್ನ ಬಚ್ಚಿಡೋಕೆ. ಆ ಒಂದು ಮಾತು ಬಿಟ್ರೆ ಅವರು ಹೇಳಿದ್ದೆಲ್ಲ ನಿಜ."

ಮೇಡಂ ಪೆನ್ನು ಎತ್ತಿ ಹಿಡಿದು ಕೂತರು. "ಬನಿಯನ್ ವಿಷಯ ಬರೀಬೇಕಾಗಿಲ್ಲ ಅಮ್ಮ. ಕಾಲರ್ ಎಳೆದಿದ್ರು ಅಂತ ಬರೆದ್ರೆ ಸಾಕು."

"ಬರ್ಕೊಳ್ಳಿ. ಹರಿದಿತ್ತು ಅಂತಾನೇ ಬರ್ಕೊಳ್ಳಿ," ಎಂದೆ.

ಬರೆದರು. ನಿಯಮದ ಪ್ರಕಾರ ಗುಮಾಸ್ತ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಿದ. ಬನಿಯನ್ ಹರಿದಿತ್ತು ಎಂದು ಆ ಕೋಣೆಯಲ್ಲಿದ್ದವರೆಲ್ಲ ಕೇಳಿದರು. ಯಾರೂ ನಗಲಿಲ್ಲ. ಮೇಸ್ತ್ರಿಯ ಹೆಂಡತಿ ತಾನು ಕಂಡದ್ದನ್ನು ಹೇಳಿದಳು. ಕೊನೆಗೆ ನರ್ಸನ್ನು ಕೇಳಿದರು. ಅವಳು ಎದ್ದು ನಿಂತಳು.

"ಗುಂಡಿ ಬಿದ್ದಿದ್ದು ಈಗ ನೆನಪಾಯ್ತು. ಶರ್ಟ್ ಬಿಚ್ಚದೆ ಹಾಕಲ್ಲ ಅಂತ ನಾನು ಹೇಳ್ಬೇಕಿತ್ತು. ಅವತ್ತು ಇನ್ನೂರು ಜನ ಇದ್ರು. ಪುಸ್ತಕದಲ್ಲಿ ಎಲ್ಲರದ್ದೂ ಒಂದೇ ಥರ ಬರೆದ್ವಿ."

ಮೇಡಂ ನನಗೆ ಹೇಳಿದರು, ನೀವು ಏನೇ ಹೇಳಿದ್ದರೂ ಸರಿಯಾದ ಜಾಗ ನೋಡಿ ಚುಚ್ಚುವುದು ಅವರ ಕೆಲಸ, ತಪ್ಪು ನಿಮ್ಮದಲ್ಲ ಎಂದು. ಕಾನೂನಿನಲ್ಲಿ ಹಾಗಿರಬಹುದು. ಮೊದಲನೆಯ ದಿನವೇ ನಿಜ ಹೇಳಿದ್ದರೆ ಅವತ್ತೇ ಅರ್ಜಿ ಮಂಜೂರಾಗುತ್ತಿತ್ತು ಎಂದೂ ಅವರೇ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಅದು.

ಹೊರಗೆ ಮೆಟ್ಟಿಲ ಮೇಲೆ ನರ್ಸು ಹತ್ತಿರ ಬಂದು ನಿಂತಳು. ಅವಳ ಕೈ ಹಿಡಿದುಕೊಂಡೆ, ಬಿಟ್ಟೆ.

ಹೋದ ವಾರ ಕಾಗದ ಬಂತು. ಪರಿಹಾರ ಮಂಜೂರು. ಮಗಳಿಗೆ ಹಣದ ಸಾಲು ಬಿಟ್ಟು ಅದಕ್ಕಿಂತ ಮೇಲಿನದನ್ನು ಓದು ಎಂದೆ. ಲಸಿಕೆ ಹಾಕಿದ ರೀತಿಯ ಬಗ್ಗೆ ಮೃತ ಅರ್ಜಿದಾರರು ನೀಡಿದ ಹೇಳಿಕೆ ನಿಜವೆಂದು ಕಂಡುಬಂದಿದೆ, ಹಿಂದಿನ ಆದೇಶದಲ್ಲಿನ ಮಾತುಗಳನ್ನು ತೆಗೆದುಹಾಕಲಾಗಿದೆ. ಮೂರು ಸಲ ಓದಿಸಿದೆ. ಆಮೇಲೆ ನಾನೇ ಅಕ್ಷರ ಕೂಡಿಸಿ ಓದಿದೆ.

ಅಡುಗೆ ಮನೆಯ ನಾಲ್ಕನೆಯ ಗೋಡೆಯಲ್ಲಿ ಗೆರೆ ಇನ್ನೂ ಅರ್ಧಕ್ಕೇ ನಿಂತಿದೆ. ಮೇಸ್ತ್ರಿ ಬಂದು, "ಯಾರನ್ನಾದ್ರೂ ಕಳಿಸ್ತೀನಮ್ಮ, ಅರ್ಧ ಗಂಟೆ ಕೆಲಸ," ಎಂದ. ಬೇಡ ಎಂದೆ. ಆ ಅರ್ಧ ಎಷ್ಟು ನೇರವಾಗಿದೆ ಎಂದು ಬಂದವರಿಗೆಲ್ಲ ತೋರಿಸುತ್ತೇನೆ. ಯಾಕೆ ನಿಂತಿತು ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ.